ಅಡುಗೆಮನೆಯ ಬಾಗಿಲಿಗೆ ಹಾಡಿದವರು

ಅರವತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಧಾರವಾಡದ ಕಡೆಯ ಹಳ್ಳಿಯೊಂದರಿಂದ ದಾಂಡೇಲಿಗೆ ಬಂದಾಗ ನಾನು ರೂಢಿ ಮಾಡಿಕೊಳ್ಳಬೇಕಾದದ್ದು ಎರಡು: ಕಾಗದದ ಮಿಲ್ಲಿನ ವಾಸನೆ, ಅದರ ಭೋಂಗಾ. ವಾಸನೆ ಒಂದೆರಡು ವಾರದಲ್ಲಿ ಮೂಗಿಗೆ ಒಗ್ಗಿತು. ಪಾಳಿ ಬದಲಾಗುವಾಗ ಕೂಗುವ ಆ ಭೋಂಗಾ ಮಾತ್ರ ಎಷ್ಟು ವರ್ಷವಾದರೂ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸುತ್ತಲೇ ಇತ್ತು. ಈಗಲೂ ಒಮ್ಮೊಮ್ಮೆ ನಿದ್ದೆಯಲ್ಲಿ ಅದು ಕೇಳಿಸಿ, ಬುತ್ತಿ ಕಟ್ಟಬೇಕಲ್ಲ ಎಂದು ಎದ್ದು ಕೂರುತ್ತೇನೆ. ಕಟ್ಟಿಸಿಕೊಂಡು ಹೋಗುವವರು ಹೋಗಿ ಬಹಳ ದಿನವಾಯಿತು.

ನಮ್ಮ ಮನೆಯವರನ್ನು ಕಾಲೊನಿಯವರೆಲ್ಲ ಮಾಸ್ತರ ಎನ್ನುತ್ತಿದ್ದರು. ಶಾಲೆಯ ಮಾಸ್ತರಲ್ಲ, ನಾಟಕದ ಮಾಸ್ತರ. ನಮ್ಮ ಕಡೆ ನಾಟಕದ ಮಾಸ್ತರನೆಂದರೆ ಹಾಡು ಕಟ್ಟುವವನು, ಪಾರ್ಟು ಕಲಿಸುವವನು, ಆಟದ ದಿನ ಸ್ಟೇಜಿನ ಮುಂದೆ ಕಾಲಪೇಟಿಗೆ, ಎಂದರೆ ಕಾಲಿನಿಂದ ತುಳಿಯುವ ಹಾರ್ಮೋನಿಯಮ್ಮಿಗೆ, ಕೂತು ಅಲ್ಲಿಂದಲೇ ಎಲ್ಲರನ್ನೂ ಆಡಿಸುವವನು. ಹರೆಯದಲ್ಲಿ ಇವರು ಊರೂರು ತಿರುಗುವ ಒಂದು ನಾಟಕ ಕಂಪನಿಯಲ್ಲಿದ್ದರು. ಕಂಪನಿ ಹಳಿಯಾಳದಲ್ಲಿ ಮಳೆಗೆ ಸಿಕ್ಕು ಮುಳುಗಿತು. ಮಾಲಕ ಪರದೆ ಮಾರಿಕೊಂಡು ಹೋದ. ಇವರು ಕಟ್ಟಿಗೆ ಲಾರಿ ಹತ್ತಿ ದಾಂಡೇಲಿಗೆ ಬಂದು ಮಿಲ್ಲಿಗೆ ಸೇರಿದರು. ಕಂಪನಿಯಲ್ಲಿ ಇವರ ಪಾರ್ಟು ಏನಿತ್ತು ಎಂದು ನಾನು ಕೆದಕಿ ಕೇಳಿದಾಗಲೇ ಗೊತ್ತಾದದ್ದು, ಬಹುಪಾಲು ಈಟಿ ಹಿಡಿದು ಬಾಗಿಲಲ್ಲಿ ನಿಂತದ್ದೇ ಎಂದು. ಪೇಟಿಯನ್ನು ಮಾತ್ರ ಚೆನ್ನಾಗಿ ಕಲಿತಿದ್ದರು. ಮಿಲ್ಲಿನಲ್ಲಿ ದಿನವಿಡೀ ಮೇಸ್ತ್ರಿಯ ಬೈಗಳು ತಿಂದರೂ, ಹೊರಗೆ ಬಂದಾಗ ಯಾರಾದರೂ 'ಮಾಸ್ತರ, ಶರಣರಿ' ಎಂದರೆ ಸಾಕು, ಮುಖ ಅರಳುತ್ತಿತ್ತು. ಆ ಹೆಸರೊಂದೇ ಅವರ ಆಸ್ತಿ. ಅದು ನನಗೆ ಮದುವೆಯಾದ ವಾರದಲ್ಲೇ ತಿಳಿದಿತ್ತು.

ಒಂದು ವರ್ಷ ಇವರು ತಾವೇ ಕಟ್ಟಿದ ನಾಟಕವನ್ನು ಆಡಿಸಲು ಹೊರಟರು. ಒಂದು ಕೋಟೆಯ ಅಣ್ಣತಮ್ಮಂದಿರು. ಯಾರದೋ ಚಾಡಿ ಮಾತಿಗೆ ಬೇರೆಯಾಗುತ್ತಾರೆ. ಕೊನೆಗೆ ಯುದ್ಧಕ್ಕೆ ನಿಂತಾಗ ಹಾಡಿನಲ್ಲೇ ಸವಾಲು ಜವಾಬು ಆಗಿ ಒಂದಾಗುತ್ತಾರೆ. ಮುಕ್ಕಾಲು ಪಾಲು ಹಾಡೇ. ಅಣ್ಣನ ಪಾರ್ಟಿಗೆ ಬಾಯ್ಲರಿನಲ್ಲಿ ಕೆಲಸ ಮಾಡುವ ಬೆಳಗಾವಿ ಕಡೆಯ ಆಳು, ಎತ್ತಿನಂಥ ದನಿ. ತಮ್ಮನ ಪಾರ್ಟಿಗೆ ಬಿದಿರಿನ ಯಾರ್ಡಿನ ಒಬ್ಬ ಸಣಕಲ.

ತೊಂದರೆ ಒಂದೇ. ಮಿಲ್ಲು ಹಗಲು ರಾತ್ರಿ ನಡೆಯುವಂಥದ್ದು, ಪಾಳಿ ಮೂರು. ಅಣ್ಣ ಕೆಲಸ ಬಿಟ್ಟು ಬಂದರೆ ತಮ್ಮ ಕೆಲಸಕ್ಕೆ ಹೋಗಿರುತ್ತಿದ್ದ. ಪಾಳಿ ಬದಲಾದರೆ ಇಬ್ಬರದೂ ಬದಲಾಗುತ್ತಿತ್ತು. ವರ್ಷದಲ್ಲಿ ಮಷಿನ್ನು ನಿಲ್ಲುತ್ತಿದ್ದದ್ದು ದಸರೆಯ ಖಂಡೇಪೂಜೆಯ ದಿನ ಮಾತ್ರ, ಆಯುಧಪೂಜೆ ಎನ್ನುತ್ತಾರಲ್ಲ, ಅದು. ಹಾಗಾಗಿ ಆಟ ಅಂದೇ ಸಂಜೆಗೆ ಎಂದು ಗೊತ್ತಾಯಿತು. ಅಲ್ಲಿಯವರೆಗೆ ಅಣ್ಣನ ತಾಲೀಮು ಬೇರೆ, ತಮ್ಮನ ತಾಲೀಮು ಬೇರೆ. ಎರಡೂ ನಮ್ಮ ಕ್ವಾರ್ಟರ್ಸಿನ ಪಡಸಾಲೆಯಲ್ಲಿ.

ಇವರಿಗೂ ಪಾಳಿ ಇತ್ತಲ್ಲ. ಎಷ್ಟೋ ದಿನ ಅಣ್ಣ ಬರುವ ಹೊತ್ತಿಗೆ ಮಾಸ್ತರೇ ಮಿಲ್ಲಿನಲ್ಲಿ. ಪಾಳಿ ಇಲ್ಲದವಳು ಮನೆಯಲ್ಲಿ ನಾನೊಬ್ಬಳೇ. ದಿನಾ ಕೇಳಿ ಕೇಳಿ ನನಗೆ ನಾಟಕವೆಲ್ಲ ಬಾಯಿಗೆ ಬಂದಿತ್ತು. ಮೊದಮೊದಲು ಒಳಗಿನಿಂದಲೇ ತಪ್ಪು ತಿದ್ದುತ್ತಿದ್ದೆ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಅಣ್ಣ ಬಂದರೆ ತಮ್ಮನಾಗಿ, ತಮ್ಮ ಬಂದರೆ ಅಣ್ಣನಾಗಿ ಜವಾಬು ಹಾಡತೊಡಗಿದೆ. ಒಂದು ಸಾಲು ಹಾಡುವುದು, ಓಡಿಹೋಗಿ ಹಂಚಿನ ಮೇಲಿನ ರೊಟ್ಟಿ ತಿರುವುವುದು, ಮತ್ತೆ ಬಂದು ಮುಂದಿನ ಸಾಲು ಹಾಡುವುದು. ಅವರು ಅಲ್ಲಿಯವರೆಗೆ ಕೈ ಕಟ್ಟಿಕೊಂಡು ಬಾಗಿಲನ್ನೇ ನೋಡುತ್ತ ನಿಂತಿರುತ್ತಿದ್ದರು. ಅತ್ತಿಗೆಯನ್ನು ಕರೆಯುವಂತೆ ಅವರು ನನ್ನನ್ನು ವೈನಿ ಎನ್ನುತ್ತಿದ್ದರು. ಹೊಗಳಿಕೊಂಡರೆ ಬೇಜಾರಾಗಬಾರದು, ಇವರಿಗಿಂತ ನಾನು ಚೆನ್ನಾಗಿ ಕಲಿಸುತ್ತಿದ್ದೆ. ಇವರು ರಾಗ ಹೇಳಿಕೊಡುತ್ತಿದ್ದರು. ನಾನು ಆ ತಮ್ಮನ ಹೊಟ್ಟೆಯಲ್ಲಿ ಯಾಕೆ ಉರಿ ಬಿದ್ದಿದೆ ಎಂದು ಹೇಳಿಕೊಡುತ್ತಿದ್ದೆ. ನಾನು ಹೀಗೆ ಕಲಿಸುವುದು ಇವರಿಗೆ ಗೊತ್ತಿರಲಿಲ್ಲ, ಗೊತ್ತಾಗುವುದೂ ನನಗೆ ಬೇಕಿರಲಿಲ್ಲ. ಇಬ್ಬರೂ ಎಷ್ಟು ಲಗೂನ ಕಲಿತರು ಎಂದು ಇವರು ಹಿಗ್ಗುವಾಗ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಆ ದಿನಗಳಷ್ಟು ಸುಖವಾಗಿ ನಾನು ಮುಂದೆ ಇದ್ದದ್ದು ಕಡಿಮೆ.

ಖಂಡೇಪೂಜೆ ಬಂತು. ಮುಂಜಾನೆ ಮಷಿನ್ನುಗಳಿಗೆ ಚೆಂಡುಹೂವಿನ ಮಾಲೆ ಬಿತ್ತು. ಭೋಂಗಾ ಕೂಗದ ಆ ದಿನ ಕಾಳಿ ಹೊಳೆಯ ಸಪ್ಪಳ ನಮ್ಮ ಓಣಿಯವರೆಗೂ ಕೇಳಿಸುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಇಡೀ ಕಾಲೊನಿ ಸ್ಟೇಜಿನ ಮುಂದೆ. ಇವರು ಗುಲಾಬಿ ರುಮಾಲು ಸುತ್ತಿ ಪೇಟಿಗೆ ಕೂತಿದ್ದರು. ನಾನು ಹೆಂಗಸರ ಜೊತೆ ಬದಿಯಲ್ಲಿ ಚಾಪೆಯ ಮೇಲಿದ್ದೆ.

ಒಂದೇ ಪಾಳಿಯವರು ಕೂಡಿ ಆಡುವ ಪ್ರವೇಶಗಳೆಲ್ಲ ಸುರಳೀತವಾಗಿ ಹೋದವು. ಕೊನೆಗೆ ಅಣ್ಣತಮ್ಮ ಎದುರುಬದುರಾಗುವ ಪ್ರವೇಶ. ಅವರಿಬ್ಬರೂ ಒಟ್ಟಿಗೆ ನಿಂತದ್ದು ಅದೇ ಮೊದಲು. ಅಣ್ಣ ಮೊದಲ ಸಾಲು ಎತ್ತಿದ, ಎಡಕ್ಕೆ ತಿರುಗಿ ಪರದೆಗೆ ಹಾಡಿದ. ನಮ್ಮ ಪಡಸಾಲೆಯಲ್ಲಿ ಅಡುಗೆಮನೆಯ ಬಾಗಿಲು ಇದ್ದದ್ದು ಎಡಕ್ಕೆ. ತಮ್ಮನೂ ಎಡಕ್ಕೇ ತಿರುಗಿ ಅಣ್ಣನ ಬೆನ್ನಿಗೆ ಹಾಡಿದ. ಅದೂ ಹೋಗಲಿ, ಒಂದು ಸಾಲು ಮುಗಿದ ಮೇಲೆ ಇಬ್ಬರೂ ಕೈ ಕಟ್ಟಿಕೊಂಡು ಸುಮ್ಮನೆ ನಿಂತರು. ನಾನು ರೊಟ್ಟಿ ತಿರುವಿ ಬರುವಷ್ಟು ಹೊತ್ತು! ಅದನ್ನೂ ನಾಟಕದ ಭಾಗವೆಂದೇ ಕಲಿತುಬಿಟ್ಟಿದ್ದರು. ಪೇಟಿ ಮುಂದೆ ಹೋಯಿತು, ಹಾಡು ಹಿಂದೆ ಉಳಿಯಿತು. ಜನ ಮೊದಲು ಗುಸುಗುಸು ಎಂದರು, ಆಮೇಲೆ ನಗತೊಡಗಿದರು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ತಮ್ಮನ ಪಾರ್ಟಿನವನು ತಬಲಾದವನನ್ನು ಕಣ್ಣು ಬಿಟ್ಟು ನೋಡಿದ.

ನಾನು ಇವರ ಬೆನ್ನು ನೋಡಿದೆ. ಪೇಟಿ ಬಿಟ್ಟು ಏಳುವ ಹಾಗಿಲ್ಲ, ಕೂತಲ್ಲಿಂದ ಕೂಗಿ ಹೇಳಿದರೆ ಆ ಇಬ್ಬರಿಗೆ ಕೇಳಿಸುತ್ತಿಲ್ಲ. ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು. ಇನ್ನೆರಡು ಸಾಲು ಹೀಗೇ ಹೋದರೆ ಮಾಸ್ತರ ಎಂಬ ಹೆಸರು ನಗೆಪಾಟಲಿಗೆ ಹೋಗುತ್ತದೆ. ನಾನು ಎದ್ದುಹೋದರೂ ಅದೇ ಹೆಸರು ಹೋಗುತ್ತದೆ, ಕಲಿಸಿದವಳು ಹೆಂಡತಿ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಅತ್ತ ದರಿ, ಇತ್ತ ಪುಲಿ. ಆದರೆ ನನಗೆ ಆ ಅಣ್ಣತಮ್ಮಂದಿರನ್ನು ಹಾಗೆ ಬಿಟ್ಟು ಕೂರಲು ಆಗಲಿಲ್ಲ. ಸೆರಗು ಬಿಗಿದು ಎದ್ದು, ಸ್ಟೇಜಿನ ಎಡಬದಿಯ ಪರದೆಯ ಹತ್ತಿರ ಹೋಗಿ ನಿಂತೆ.

ನನ್ನನ್ನು ಕಂಡದ್ದೇ ಅಣ್ಣನ ಪಾರ್ಟಿನವನಿಗೆ ಜೀವ ಬಂದಂತಾಯಿತು. ಬಾಯ್ಲರಿನ ಗದ್ದಲದಲ್ಲಿ ಮಾತಾಡಿ ರೂಢಿಯಾದ ದನಿಯಲ್ಲಿ ಇಡೀ ಮೈದಾನಕ್ಕೆ ಕೇಳುವಂತೆ ಕೇಳಿದ:

"ವೈನಿ, ಯಾ ಕಡೆ ನೋಡ್ಲಿ?"

ನಗು ನಿಂತಿತು. ನಾನೂ ಮುಚ್ಚುಮರೆ ಮಾಡಲಿಲ್ಲ.

"ನನ್ನ ನೋಡಬ್ಯಾಡ್ರಿ. ನಿಮ್ಮ ತಮ್ಮನ್ನ ನೋಡ್ರಿ."

ಆತ ತಿರುಗಿದ. ಮೂರು ತಿಂಗಳು ಅಡುಗೆಮನೆಯ ಬಾಗಿಲಿಗೆ ಹಾಡಿದ ಸಾಲುಗಳನ್ನು ಮೊದಲ ಸಲ ಒಬ್ಬ ಮನುಷ್ಯನ ಮುಖಕ್ಕೆ ಹಾಡಿದ. ಆ ಸಣಕಲ ತಮ್ಮ ಒಂದು ಹೆಜ್ಜೆ ಮುಂದಿಟ್ಟು ಅಣ್ಣನ ಮುಖಕ್ಕೇ ಜವಾಬು ಹಾಡಿದ. ನಾನು ಪರದೆಯ ಬದಿಯಿಂದ ಮೆಲ್ಲಗೆ ಚಪ್ಪಾಳೆಯಲ್ಲಿ ತಾಳ ಕೊಟ್ಟೆ. ಪೇಟಿ ಹಿಂದೆ ಬಂದು ಹಾಡನ್ನು ಹಿಡಿದುಕೊಂಡಿತು. ತಪ್ಪಿದ್ದನ್ನು ಅಷ್ಟು ಮೃದುವಾಗಿ ಕೂಡಿಸಿ ಬಾರಿಸುವವರನ್ನು ನಾನು ಆಮೇಲೆ ಎಲ್ಲಿಯೂ ಕಾಣಲಿಲ್ಲ. ಹೆಂಗಸರ ಚಾಪೆಯಲ್ಲಿ ಅಳು ಕೇಳಿಸಿತು. ಇವರು ಮಾತ್ರ ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.

ಆಟ ಮುಗಿದ ಮೇಲೆ ಹಿರಿಯರು ಮಾಸ್ತರನಿಗೆ ಉಡುಗೊರೆ ಇಟ್ಟು ಆಯೇರಿ ಮಾಡಿ ಶಾಲು ಹೊದಿಸಿದರು. ಜನರ ನಡುವಿನಿಂದ ಯಾರೋ ವೈನಿಗೂ ಒಂದು ಹೊದಿಸಬೇಕು ಎಂದು ಕೂಗಿದ. ಎಲ್ಲರೂ ನಕ್ಕರು, ಕೆಟ್ಟ ನಗೆಯೇನಲ್ಲ. ಇವರೂ ನಕ್ಕರು. ಆ ನಗು ಅವರಿಗೆ ಎಷ್ಟು ಕಷ್ಟವಾಗಿತ್ತೆಂದು ನನಗೊಬ್ಬಳಿಗೇ ಕಂಡಿತು.

ಮರುದಿನದಿಂದ ಮನೆಯಲ್ಲಿ ಮಾತು ನಿಂತಿತು. ಉಪ್ಪು ಕಡಿಮೆಯಾಗಿದ್ದರೆ ಗೋಡೆಗೆ ಹೇಳುತ್ತಿದ್ದರು. ನಾನು ಗೋಡೆಗೇ ಉತ್ತರ ಕೊಡುತ್ತಿದ್ದೆ. ಪೇಟಿಯ ಮೇಲೆ ನನ್ನ ಹಳೆಯ ಸೀರೆ ಹೊದಿಸಿ ಮೂಲೆಗೆ ಸರಿಸಿದರು. ಮಾಸ್ತರಗಿಂತ ಮಾಸ್ತರನ ಹೆಂಡತಿಯೇ ಶಾಣ್ಯಾಕಿ ಎಂದು ನಳದ ಹತ್ತಿರ ಹೆಂಗಸರು ಆಡಿಕೊಂಡದ್ದು ಅವರ ಕಿವಿಗೂ ಬಿದ್ದಿತ್ತು. ಯಾರಾದರೂ ಮಾಸ್ತರ ಎಂದು ಕರೆದರೆ ಕೇಳಿಸಲಿಲ್ಲವೆಂಬಂತೆ ನಡೆದುಬಿಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ನಾನೇನು ಕಳವು ಮಾಡಿದ್ದೆನೇ? ಅವರದೇ ನಾಟಕವನ್ನು ಉಳಿಸಿದ್ದೆ. ಆದರೆ ಊಟಕ್ಕೆ ಬಗ್ಗಿ ಕೂತ ಅವರ ಬೆನ್ನು ಕಂಡಾಗ, ಆ ಮನುಷ್ಯನಿಗೆ ಇದ್ದದ್ದೊಂದು ಹೆಸರು, ಅದು ನನ್ನಿಂದಲೇ ಹೋಯಿತಲ್ಲ ಎನಿಸುತ್ತಿತ್ತು. ದೀಪಾವಳಿಯೂ ಹಾಗೇ ಕಳೆಯಿತು.

ಮುಂದೆ ನಾನು ಎಷ್ಟೋ ಊರಿಗೆ ಹೋಗಿ ನಾಟಕ ಕಲಿಸಿದೆ. ಮುಂಡಗೋಡದ ಹಳ್ಳಿಗಳು, ಕೆರೆಯ ಹಕ್ಕಿಗಳ ಗದ್ದಲದಲ್ಲಿ ಕೂಗಿ ಕೂಗಿ ಪಾಠ ಹೇಳಬೇಕಾಗಿದ್ದ ಅತ್ತಿವೇರಿ, ಕೊಂಕಣಿಯಲ್ಲೇ ಮಾತಾಡುತ್ತಿದ್ದರೂ ಕನ್ನಡದಲ್ಲಿ ಹಾಡಲು ಹಟ ಹಿಡಿದ ಜೋಯಿಡಾದವರು. ಎಲ್ಲ ಕಡೆಯೂ ಮೊದಲ ದಿನವೇ ಎದುರು ನಿಂತವರ ಮುಖ ನೋಡಿ ಹಾಡಲು ಹಚ್ಚುತ್ತಿದ್ದೆ. ಯಾವ ಊರಿನಲ್ಲಿ ಎಂಥ ಊಟ ಹಾಕಿದರು ಎಂಬುದೂ ನೆನಪಿದೆ. ಅದೆಲ್ಲ ಶುರುವಾದದ್ದು ಆ ದೀಪಾವಳಿಯಾಗಿ ಕೆಲವು ದಿನಕ್ಕೆ, ಒಂದು ಮುಂಜಾನೆ.

ನಳದಿಂದ ಕೊಡ ಹೊತ್ತು ಬರುತ್ತಿದ್ದೆ. ನಮ್ಮ ಕಟ್ಟೆಯ ಮೇಲೆ ಹಳಿಯಾಳ ತಾಲೂಕಿನ ಸಾಂಬ್ರಾಣಿಯಿಂದ ಬಂದ ಇಬ್ಬರು ರೈತರು ಕೂತಿದ್ದರು, ಹಣೆಯ ಮೇಲೆ ವಿಭೂತಿ. ಖಂಡೇಪೂಜೆಯ ಆಟ ನೋಡಿದ್ದರಂತೆ. ಸುಗ್ಗಿ ಮುಗಿದ ಮೇಲೆ ತಮ್ಮೂರಲ್ಲೂ ಅದನ್ನು ಆಡಿಸಬೇಕು, ಮಾಸ್ತರನ್ನು ಕಾಣಬೇಕಿತ್ತು ಎಂದು ಹೇಳುತ್ತಿದ್ದರು. ಇವರು ಬಾಗಿಲಲ್ಲಿ ನಿಂತಿದ್ದರು, ಆಗತಾನೇ ಪಾಳಿ ಮುಗಿಸಿ ಬಂದು ಅಂಗಿಯನ್ನೂ ಕಳಚಿರಲಿಲ್ಲ. ನಾನು ಗೋಡೆಯ ಮೂಲೆಯಲ್ಲೇ ನಿಂತೆ. ಇಲ್ಲ, ನಾನು ನಾಟಕ ಬಿಟ್ಟೆ ಎನ್ನುತ್ತಾರೆ ಎಂದುಕೊಂಡೆ.

ಇವರು ಒಳಗೆ ಹೋದರು. ಚಾಪೆ ತಂದು ಹಾಸಿದರು.

"ಮಾಸ್ತರು ನೀರಿಗೆ ಹೋಗ್ಯಾರ. ಕುಂದರ್ರಿ, ಈಗ ಬರ್ತಾರ."

ರೈತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಗಾದರೆ ತಾವು ಯಾರು ಎಂದು ಅವರಲ್ಲಿ ಹಿರಿಯನು ಕೇಳಿದ.

"ನಾನು ಅವರ ಪೇಟಿ ಬಾರಸಾಂವ."