ಕೊಕ್ಕೆಯ ಕೆಳಗಿನ ದಿನಗಳು

ಕ್ರೇನ್ ಓಡಿಸುವವನಿಗೆ ಕೆಳಗೆ ನಿಂತವನ ಮುಖ ಸರಿಯಾಗಿ ಕಾಣುವುದಿಲ್ಲ, ಕೈ ಕಾಣುತ್ತದೆ. ಫೌಂಡ್ರಿಯೊಳಗಿನ ಗದ್ದಲದಲ್ಲಿ ಕೂಗಿದರೆ ಪಕ್ಕದವನಿಗೇ ಕೇಳಿಸದು, ಇನ್ನು ಮೇಲೆ ಕ್ಯಾಬಿನ್ನಿನಲ್ಲಿ ಕೂತವನಿಗೆ ಎಲ್ಲಿಂದ ಕೇಳಿಸಬೇಕು? ಹಾಗಾಗಿ ಎಲ್ಲವೂ ಕೈಸನ್ನೆಯಲ್ಲೇ. ತೋರುಬೆರಳು ಮೇಲೆ ಮಾಡಿ ಸಣ್ಣಗೆ ಸುತ್ತಿಸಿದರೆ ಎತ್ತು, ಕೆಳಗೆ ಮಾಡಿ ಸುತ್ತಿಸಿದರೆ ಇಳಿಸು, ಅಂಗೈ ಚಾಚಿ ಅಡ್ಡಡ್ಡ ಬೀಸಿದರೆ ನಿಲ್ಲಿಸು. ತೊಂಬತ್ತರ ದಶಕದ ಕೊನೆಯ ಐದಾರು ವರ್ಷ ನನ್ನ ಹೊಟ್ಟೆಪಾಡು ಈ ಸನ್ನೆಗಳಿಂದಲೇ ನಡೆಯಿತು. ಶಿವಮೊಗ್ಗದಿಂದ ಭದ್ರಾವತಿಗೆ ಬರುವ ದಾರಿಯಲ್ಲಿದ್ದ, ಕಬ್ಬಿಣದ ಎರಕ ಹೊಯ್ಯುವ ಒಂದು ಖಾಸಗಿ ಫೌಂಡ್ರಿಯಲ್ಲಿ ನಾನು ಖಲಾಸಿಯಾಗಿದ್ದೆ. ಎತ್ತಬೇಕಾದ ಸಾಮಾನಿಗೆ ಸರಪಳಿ ಬಿಗಿದು, ಕೊಕ್ಕೆಗೆ ಸಿಕ್ಕಿಸಿ, ಸನ್ನೆ ಮಾಡುತ್ತಾ ಅದರ ಜೊತೆಗೇ ನಡೆದು, ಇಳಿಸಬೇಕಾದಲ್ಲಿ ಇಳಿಸುವುದು ಖಲಾಸಿಯ ಕೆಲಸ. ಮೇಲಿನ ಕ್ಯಾಬಿನ್ನಿನಲ್ಲಿ ನನ್ನ ಗೆಳೆಯ ಇರುತ್ತಿದ್ದ.

ನಾವಿಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿದವರು. ಅವನು ಭದ್ರಾವತಿಯಲ್ಲೇ ಹುಟ್ಟಿ ಬೆಳೆದವನು, ಮನೆಯಲ್ಲಿ ತಮಿಳು, ಹೊರಗೆ ನಮ್ಮೆಲ್ಲರಿಗಿಂತ ಚೆನ್ನಾದ ಕನ್ನಡ. ನನ್ನ ಕೈ ಅರ್ಧ ಏಳುವಷ್ಟರಲ್ಲಿ ಅವನಿಗೆ ಅರ್ಥವಾಗಿರುತ್ತಿತ್ತು. ನಾನು ಅಲ್ಲೇ ನ್ಯೂ ಟೌನ್‌ನಲ್ಲಿ ಬಾಡಿಗೆ ಮನೆ ಮಾಡಿದ್ದೆ. ರಜೆಯ ದಿನ ಅವನ ಊಟ ನಮ್ಮಲ್ಲೇ. ನನ್ನ ಹೆಂಡತಿ ಕುಂಸಿಯ ಕಡೆಯವಳು, ಬಡಿಸುವುದರಲ್ಲಿ ಧಾರಾಳಿ. ಅವನು ಸಾಕು ಸಾಕು ಎಂದರೂ ಬಿಡುತ್ತಿರಲಿಲ್ಲ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಬಹಳ ವರ್ಷ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವನು ನಾನು. ಒಂದು ಭಾನುವಾರ ಅವನು ಊಟಕ್ಕೆ ಕೂತಿದ್ದ. ಹೆಂಡತಿ ತವರಿಗೆ ಹೋದವಳು ಹೇಳಿದ ದಿನಕ್ಕೆ ಬರದೆ ಒಂದು ದಿನ ತಡವಾಗಿ ಬಂದಿದ್ದಳು. ಅದನ್ನೇ ಹಿಡಿದು ಜಗ್ಗುತ್ತಿದ್ದೆ. ಅವಳು ಸಾರಿನ ಪಾತ್ರೆ ಕೆಳಗಿಟ್ಟು, "ಈ ಮನೆಗಿಂತ ಬಸ್‌ಸ್ಟ್ಯಾಂಡೇ ವಾಸಿ, ಅಲ್ಲಿ ಯಾರೂ ಬಯ್ಯಲ್ಲ" ಎಂದಳು. ಎದ್ದು ಕೆನ್ನೆಗೆ ಹೊಡೆದೆ. ಅದು ಮೊದಲ ಸಲವೇನಲ್ಲ, ಆದರೆ ಮೂರನೆಯವರ ಎದುರಿಗೆ ಮೊದಲ ಸಲ. ಗೆಳೆಯ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿ, ಎದ್ದು, ಕೈ ತೊಳೆದುಕೊಂಡು ಹೊರಟುಹೋದ. ಅವಳು ಮಾರನೆಯ ದಿನವೇ ಕುಂಸಿಯ ಬಸ್ಸು ಹತ್ತಿದಳು.

ಅವಳ ಅಪ್ಪ ನಾಲ್ಕು ಜನ ಹಿರಿಯರನ್ನು ಕೂಡಿಸಿ ಪಂಚಾಯಿತಿ ಮಾಡಿಸಿದರು. "ನಾನು ಅವಳ ಮೈಮೇಲೆ ಕೈ ಮಾಡಿದವನೇ ಅಲ್ಲ" ಎಂದು ಎಲ್ಲರೆದುರು ಧೈರ್ಯವಾಗಿ ಹೇಳಿದೆ. ನನ್ನ ಕಡೆಯಿಂದ ಮಾತಾಡಲಿ ಎಂದು ನಾನೇ ಕರೆದುಕೊಂಡು ಹೋಗಿದ್ದ ಗೆಳೆಯ ತಲೆ ತಗ್ಗಿಸಿ, "ಹೊಡ್ದಿದ್ದು ನಾನು ನೋಡಿದ್ದೀನಿ" ಎಂದುಬಿಟ್ಟ. ಆವತ್ತಿನಿಂದ ಅವನಿಗೂ ನನಗೂ ಮಾತಿಲ್ಲ. ಶಿವಮೊಗ್ಗದ ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ಸಹಿ ಹಾಕಿ ಬೇರೆಯಾದೆವು. ಅವಳು ಶಿವಮೊಗ್ಗದಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಗಾಂಧಿ ಬಜಾರಿನ ಬಟ್ಟೆ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದಳು. ನನಗೆ ಅಡುಗೆ ಮಾಡಿ ಹಾಕಲು ಅಮ್ಮ ಬಂದಳು. ಬಂದ ದಿನವೇ, "ಕೋಪದಲ್ಲಿ ಕೊಯ್ದ ಮೂಗು ಶಾಂತ ಆದ್ಮೇಲೆ ಬರುತ್ತೇನೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಕ್ಕಿ ಆರಿಸಲು ಕೂತಳು.

ಫೌಂಡ್ರಿಯಲ್ಲಿ ಕೆಲಸ ಹಿಂದಿನಂತೆಯೇ ನಡೆಯಿತು. ಗೇಟಿನಲ್ಲಿ ಎದುರಾದರೆ ನಾನು ಒಂದು ಕಡೆ ನೋಡುತ್ತಿದ್ದೆ, ಅವನು ಇನ್ನೊಂದು ಕಡೆ. ಕ್ರೇನ್ ಶುರುವಾದರೆ ಮಾತ್ರ ನನ್ನ ಕೈ ಹೇಳಿದ್ದನ್ನು ಅವನು ಮಾಡುತ್ತಿದ್ದ.

ಹೀಗೆ ಒಂದೂವರೆ ವರ್ಷದ ಮೇಲಾಗಿತ್ತು. ಒಂದು ಬೆಳಿಗ್ಗೆ ಟೀ ಹೊತ್ತಿನಲ್ಲಿ, ಮರಳಿನ ಅಚ್ಚು ಮಾಡುವ ನಮ್ಮ ಜೊತೆಯ ಮೋಲ್ಡರ್ ಒಬ್ಬ ನನ್ನ ಪಕ್ಕಕ್ಕೆ ಸರಿದು ಕೂತ.

"ನಿಮ್ಮ ಮನೆಯವ್ರು, ಅಂದ್ರೆ ಮೊದ್ಲಿದ್ದೋರು, ಶಿವಮೊಗ್ಗದ ನೆಹರು ರಸ್ತೇಲಿ ಸಿಕ್ಕಿದ್ರು ಮಾರಾಯ" ಎಂದ.

"ಸಿಕ್ಕಿದ್ರೆ ಏನೀಗ?"

"ಜೊತೇಲಿ ನಮ್ಮ ಕ್ರೇನ್ ಆಪರೇಟರ್ ಇದ್ದ. ಮದ್ವೆ ಆಗ್ತಾರಂತೆ. ನಿಂಗೆ ಗೊತ್ತಿರ್ಬೇಕು ಅಂದ್ಕೊಂಡೆ."

ಸುತ್ತ ಕೂತವರೆಲ್ಲ ಲೋಟದ ಮೇಲಿಂದ ನನ್ನ ಮುಖವನ್ನೇ ನೋಡುತ್ತಿದ್ದರು. ನಗುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ನನ್ನ ಸ್ವಭಾವಕ್ಕೆ ಆಗ ಸಿಟ್ಟು ಬರಬೇಕಿತ್ತು, ಲೋಟ ಎಸೆಯಬೇಕಿತ್ತು. ಬಂದದ್ದು ಹೆದರಿಕೆ. ಹತ್ತು ನಿಮಿಷ ಕಳೆದರೆ ನಾನು ಮತ್ತೆ ಆ ಕೊಕ್ಕೆಯ ಹತ್ತಿರ ಹೋಗಿ ನಿಲ್ಲಬೇಕಿತ್ತು. ಮರಳು ತುಂಬಿದ ಎರಡು ಟನ್ನಿನ ಅಚ್ಚಿನ ಪೆಟ್ಟಿಗೆ ಕೈಯಳತೆಯಲ್ಲಿ ತೂಗಾಡುವ ಜಾಗ. ಅದನ್ನು ಆಡಿಸುವ ಹಿಡಿಕೆ ಅವನ ಬೆರಳಿನಲ್ಲಿ.

ಅವನಿಗೆ ನಾನು ಅಡ್ಡಿ ಎಂದು ನನಗೆ ನಾನೇ ತೀರ್ಮಾನ ಮಾಡಿಕೊಂಡೆ. ಸಹಿ ಮುಗಿದು ಎಲ್ಲ ಹರಿದುಹೋದ ಮೇಲೆ ನಾನು ಯಾವುದಕ್ಕೆ ಅಡ್ಡಿ ಎಂದು ಯೋಚಿಸುವಷ್ಟು ತಲೆ ಓಡಲಿಲ್ಲ. ಹಿಡಿಕೆಯನ್ನು ಒಮ್ಮೆ ಜಗ್ಗಿದರೆ ಸಾಕು, ಪಾಪ, ಸರಪಳಿ ಜಾರಿತು ಎಂದು ಎಲ್ಲರೂ ಹೇಳುತ್ತಾರೆ. ಆ ಮಧ್ಯಾಹ್ನ ಪ್ರತಿಯೊಂದು ಪೆಟ್ಟಿಗೆ ಮೇಲೇಳುವಾಗಲೂ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಮಾರನೆಯ ದಿನದಿಂದ ಸರಪಳಿಯನ್ನು ಮೂರು ಮೂರು ಸಲ ಮುಟ್ಟಿ ನೋಡತೊಡಗಿದೆ. ಕಂಬದ ಮರೆ ಸಿಗುವ ಹಾಗೆ ನಿಲ್ಲುತ್ತಿದ್ದೆ. ಕೆಲಸ ನಿಧಾನವಾಯಿತು ಎಂದು ಸೂಪರ್‌ವೈಸರ್ ಬೈದರು. ಊಟದ ಡಬ್ಬಿ ತುಂಬಿದ ಹಾಗೇ ಮನೆಗೆ ಬರುವುದನ್ನು ನೋಡಿ ಅಮ್ಮ ನಿಂಬೆಹಣ್ಣೊಂದಕ್ಕೆ ಮಂತ್ರ ಹಾಕಿಸಿ ತಂದು ನನ್ನ ಜೇಬಿಗೆ ಹಾಕಿದಳು. ಎರಡು ಟನ್ನಿಗೆ ಒಂದು ನಿಂಬೆಹಣ್ಣು. ನಗು ಬರಬೇಕಿತ್ತು, ಬರಲಿಲ್ಲ. ಶರ್ಟು ಬದಲಾಯಿಸಿದಾಗಲೆಲ್ಲ ಮರೆಯದೆ ಅದನ್ನೂ ಹೊಸ ಶರ್ಟಿನ ಜೇಬಿಗೆ ಹಾಕಿಕೊಂಡೆ.

ಇನ್ನೊಂದು ವಿಷಯ ನನ್ನ ಹೆದರಿಕೆಯನ್ನು ಹೆಚ್ಚಿಸಿತು. ಅವನ ಕೈಯಲ್ಲಿ ನೀರಿನ ಹಾಗೆ ಹರಿಯುತ್ತಿದ್ದ ಕ್ರೇನ್ ಈಗ ತಡವರಿಸತೊಡಗಿತ್ತು. ನಾನು ಎತ್ತು ಎಂದರೆ ಅವನು ಒಂದು ಗಳಿಗೆ ತಡೆದು ಎತ್ತುತ್ತಿದ್ದ. ಅರ್ಧದಲ್ಲಿ ತಾನೇ ನಿಲ್ಲಿಸುತ್ತಿದ್ದ. ಬೇಡದ ಕಡೆಯೆಲ್ಲ ಸೈರನ್ ಬಾರಿಸುತ್ತಿದ್ದ. ಅದು ಮೊಳಗಿದಾಗಲೆಲ್ಲ, ನನ್ನನ್ನು ಹೆದರಿಸಿ ಆಟ ಆಡುತ್ತಿದ್ದಾನೆ ಎಂದು ನಾನು ಬೆವರುತ್ತಿದ್ದೆ.

ಎರಡು ತಿಂಗಳು ಹೀಗೇ ಕಳೆದವು. ಅಮ್ಮನ ಕನ್ನಡಕ ತರಲು ಒಂದು ಶನಿವಾರ ಶಿವಮೊಗ್ಗಕ್ಕೆ ಹೋದವನು ಬಸ್‌ಸ್ಟ್ಯಾಂಡಿನಲ್ಲಿ ಭದ್ರಾವತಿ ಬಸ್ಸಿಗೆ ಕಾಯುತ್ತಿದ್ದೆ. ಯಾರೋ ಹತ್ತಿರ ಬಂದು ನಿಂತ ಹಾಗಾಯಿತು. ತಿರುಗಿದರೆ ಅವಳು. ಅಂಗಡಿ ಬಿಟ್ಟು ಬಂದವಳ ಹಾಗೆ ಬ್ಯಾಗು ಎದೆಗೆ ಒತ್ತಿಕೊಂಡಿದ್ದಳು.

"ನಿಮ್ಮ ಹತ್ರ ಒಂದು ಮಾತು ಕೇಳ್ಕೋಬೇಕು" ಎಂದಳು. "ಅವ್ರಿಗೆ ಏನೂ ಮಾಡ್ಬೇಡಿ."

"ಯಾರಿಗೆ?"

"ಯಾರಿಗೆ ಅಂತ ಗೊತ್ತಿದೆ ನಿಮ್ಗೆ. ಕ್ರೇನ್ ಹತ್ತೋ ಮುಂಚೆ ದಿನಾ ವಾಂತಿ ಮಾಡ್ಕೊಳ್ತಾರೆ. ನೀವು ಬೇಕಂತ್ಲೇ ತಪ್ಪು ಸನ್ನೆ ಮಾಡಿ ಯಾರಾದ್ರೂ ಸತ್ರೆ ಜೈಲಿಗೆ ಹೋಗೋದು ಅವ್ರು. ಅವ್ರು ನಿಮ್ಮ ಕೈ ನಂಬಿ ತಾನೇ ಓಡ್ಸೋದು?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹೆದ್ರಿ ಸಾಯ್ತಿರೋನು ನಾನು ಮಾರಾಯ್ತಿ" ಎಂದೆ. "ಮೇಲೆ ಕೂತಿರೋನು ಅವ್ನು. ಕೆಳಗಿರೋನು ನಾನು. ನಾನು ಅವ್ನಿಗೆ ಏನು ಮಾಡೋಕಾಗುತ್ತೆ? ನಾನು ಅಂಥವ್ನಾ?"

ಹೇಳುತ್ತಾ ಹಣೆಯ ಬೆವರು ಒರೆಸಿಕೊಳ್ಳಲು ಕೈ ಎತ್ತಿದೆ. ಅವಳು ತಟ್ಟನೆ ಕಣ್ಣು ಮುಚ್ಚಿ ತಲೆಯನ್ನು ಪಕ್ಕಕ್ಕೆ ಸರಿಸಿದಳು. ಅಷ್ಟು ಜನರ ನಡುವೆ, ಅಷ್ಟು ಬೆಳಕಿನಲ್ಲಿ, ಒಟ್ಟಿಗೆ ಬಾಳುವುದು ಬಿಟ್ಟು ಎರಡು ವರ್ಷವಾಗುತ್ತ ಬಂದ ಮೇಲೆ. ಆಮೇಲೆ ಅವಳಿಗೇ ನಾಚಿಕೆಯಾಯಿತೇನೋ, ಸೆರಗು ಸರಿಮಾಡಿಕೊಂಡು, "ನಿಮ್ಮ ಕೈ ನಂಗೆ ಗೊತ್ತು" ಎಂದಷ್ಟೇ ಹೇಳಿ ಹೋದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳ ಜೊತೆ ಮನಸ್ಸಿನಲ್ಲೇ ಜಗಳವಾಡಿದೆ. ಒಂದು ಏಟು ಹೊಡೆದವನು ಕೊಲೆಗಾರನಾಗುತ್ತಾನೆಯೇ? ಒಂದಲ್ಲ, ಮೂರು ನಾಲ್ಕು ಇರಬಹುದು. ಲೆಕ್ಕ ಯಾರಿಟ್ಟಿದ್ದಾರೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನಾನಲ್ಲ ಎಂದುಕೊಂಡೆ. ಅಂದುಕೊಳ್ಳುತ್ತಲೇ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ.

ಅದಾದ ಎರಡು ವಾರಕ್ಕೆ ನಡೆದ ಸಂಗತಿಯನ್ನು ನಾನು ಈವರೆಗೆ ಪೂರ್ತಿಯಾಗಿ ಯಾರಿಗೂ ಹೇಳಿಲ್ಲ.

ಗೆಳೆಯ ಆವತ್ತು ತಡವಾಗಿ ಬರುವುದಾಗಿ ತಿಳಿಸಿದ್ದರಿಂದ ಬದಲಿ ಆಪರೇಟರ್ ಕ್ರೇನ್ ಹತ್ತಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯರು, ಕಣ್ಣು ಮಂದ, ಆದರೆ ನಾನು ತೋರಿಸಿದಷ್ಟನ್ನು ಚಾಚೂ ತಪ್ಪದೆ ಮಾಡುವವರು. ಎಷ್ಟೋ ದಿನದ ಮೇಲೆ ನನಗೆ ಉಸಿರು ಸರಾಗವಾಗಿ ಆಡುತ್ತಿತ್ತು. ಅಚ್ಚಿನ ಪೆಟ್ಟಿಗೆಯೊಂದನ್ನು ಎದೆಯೆತ್ತರಕ್ಕೆ ಎತ್ತಿಸಿ, ಮುಂದಕ್ಕೆ ಬಾ ಎಂದು ಸನ್ನೆ ಮಾಡುತ್ತಾ ಜೊತೆಗೆ ನಡೆಯುತ್ತಿದ್ದೆ. ಅಷ್ಟರಲ್ಲಿ ಗೆಳೆಯ ಬಾಗಿಲಿನಿಂದ ಬಂದ. ಮರಳಿನ ರಾಶಿಯ ಹತ್ತಿರ ಮೋಲ್ಡರ್ ಏನೋ ಕೇಳಿದ್ದಕ್ಕೆ ನಿಂತ. ನಿಂತದ್ದು ಸರಿಯಾಗಿ ಪೆಟ್ಟಿಗೆಯ ದಾರಿಯಲ್ಲಿ, ಬೆನ್ನು ನಮ್ಮ ಕಡೆಗೆ.

ಅಂಗೈ ಚಾಚಿ ಬೀಸಬೇಕು. ನಿದ್ದೆಯಲ್ಲೂ ಮಾಡಬಲ್ಲ ಸನ್ನೆ. ನಾನು ಅವನನ್ನು ಸ್ಪಷ್ಟವಾಗಿ ನೋಡಿದೆ. ಶರ್ಟಿನ ಬೆನ್ನಿಗೆ ಹತ್ತಿದ್ದ ಬೆವರನ್ನೂ ನೋಡಿದೆ. ನನ್ನ ಕೈ ಮುಂದಕ್ಕೆ ಬಾ, ಮುಂದಕ್ಕೆ ಬಾ ಎನ್ನುತ್ತಲೇ ಇತ್ತು. ಎಷ್ಟು ಹೊತ್ತು? ಎರಡು ಹೆಜ್ಜೆಯಷ್ಟು. ಆಮೇಲೆ ಎರಡೂ ಕೈ ಚಾಚಿ ಹುಚ್ಚನ ಹಾಗೆ ಬೀಸಿದೆ. ಕ್ರೇನ್ ನಿಂತಿತು. ಪೆಟ್ಟಿಗೆ ತೂಗಿ ಮುಂದೆ ಹೋಗಿ, ಅವನ ಬೆನ್ನಿಗೆ ಒಂದು ಗೇಣು ದೂರದವರೆಗೆ ಹೋಗಿ, ಹಿಂದೆ ಬಂತು.

ಮೋಲ್ಡರ್ ಅವನನ್ನು ಎಳೆದುಕೊಂಡ. "ದೇವ್ರು ದೊಡ್ಡೋನು ಮಾರಾಯ, ಇವ್ನು ನಿಲ್ಸಿದ್ದಕ್ಕೆ ಉಳ್ಕೊಂಡೆ" ಎಂದು ನನ್ನ ಕಡೆ ತೋರಿಸಿದ. ಮೇಲಿನ ಹಿರಿಯರಿಗೆ ಏನೂ ಗೊತ್ತಾಗಿರಲಿಲ್ಲ. ಗೆಳೆಯ ತಿರುಗಿ ನೋಡಿದ. ನನ್ನ ಮುಖವನ್ನಲ್ಲ, ಅಷ್ಟು ಹತ್ತಿರ ಬಂದು ತೂಗುತ್ತಿದ್ದ ಪೆಟ್ಟಿಗೆಯನ್ನು, ಆಮೇಲೆ ಇನ್ನೂ ಗಾಳಿಯಲ್ಲೇ ಇದ್ದ ನನ್ನ ಕೈಯನ್ನು ನೋಡಿದ. ಆ ಕೈ ಯಾವ ಸನ್ನೆಗೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಈ ಲೋಕದಲ್ಲಿ ಅವನಷ್ಟು ಬಲ್ಲವರಿಲ್ಲ.

ಊಟದ ಹೊತ್ತಿಗೆ ಅವನು ನೀರಿನ ಟ್ಯಾಂಕಿನ ಬಳಿ ಒಬ್ಬನೇ ನಿಂತಿದ್ದ. ಹೋಗಿ ಎದುರಿಗೆ ನಿಂತೆ.

"ನಾನು ತಡ ಮಾಡ್ದೆ" ಎಂದೆ. ಪಂಚಾಯಿತಿಯ ನಂತರ ಅವನಿಗೆ ನಾನು ಆಡಿದ ಮೊದಲ ಮಾತು.

"ಗೊತ್ತು."

"ನೀನು ಕಾಣ್ಲಿಲ್ಲ ಅಂತಲ್ಲ. ಕಂಡಿದ್ದೆ."

ಅವನು ನಲ್ಲಿ ತಿರುಗಿಸಿ ನಿಲ್ಲಿಸಿದ. "ಕೊನೆಗೂ ನಿಲ್ಸಿದ್ಯಲ್ಲ ಮಾರಾಯ" ಎಂದ.

ಅವನು ಸಮಾಧಾನಕ್ಕೆ ಹೇಳಿದ ಮಾತು. ನನಗೆ ಸಮಾಧಾನವಾಗಲಿಲ್ಲ. ಆ ಭಾನುವಾರ ಈ ಕೈ ನಿಂತಿರಲಿಲ್ಲ. ಅದನ್ನು ಕಂಡವನೂ ಇವನೇ.

"ಅವ್ಳಿಗೆ ಹೇಳು, ಅವ್ಳು ಹೆದ್ರಿದ್ದು ಸರಿ ಅಂತ" ಎಂದೆ.

"ನಾನೇನೂ ಹೇಳಲ್ಲ. ಆದ್ರೆ ಒಬ್ರು ಇಲ್ಲಿಂದ ಹೋಗ್ಬೇಕು. ನಂಗೆ ದಿನಾ ಹೀಗೆ ಆಗಲ್ಲ."

ಆ ಸಂಜೆಯೇ ಸೂಪರ್‌ವೈಸರ್ ಹತ್ತಿರ ಹೋಗಿ, ನನ್ನನ್ನು ಫೆಟ್ಲಿಂಗಿಗೆ ಹಾಕಿ ಎಂದು ಕೇಳಿಕೊಂಡೆ. ಎರಕ ಹೊಯ್ದ ಸಾಮಾನಿನ ಅಂಚು ತಿಕ್ಕಿ ಉಜ್ಜುವ ಕೆಲಸ ಅದು. ಅಲ್ಲಿ ಕುಡಿಯುವುದೆಲ್ಲ ಧೂಳೇ, ತಾನಾಗಿ ಕೇಳಿ ಹೋಗುವವರು ಯಾರೂ ಇಲ್ಲ.

"ತಲೆ ಕೆಟ್ಟಿದ್ಯೇನಪ್ಪ? ಏನಾಯ್ತು?"

"ಕೊಕ್ಕೆ ಹತ್ರ ನಿಲ್ಲೋಕೆ ಭಯ ಆಗುತ್ತೆ ಸಾರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಫೌಂಡ್ರಿಗೆಲ್ಲ ಗೊತ್ತಿದ್ದ ವಿಷಯ ಅವರಿಗೂ ಗೊತ್ತಿತ್ತು. "ಯಾರ ಭಯ? ಅವ್ನದಾ?"

ಹೌದು ಎಂದರೆ ಮುಗಿಯುತ್ತಿತ್ತು. ಎರಡು ತಿಂಗಳಿಂದ ನಾನು ನನಗೆ ಹೇಳಿಕೊಂಡು ಬಂದ ಉತ್ತರವೂ ಅದೇ. "ಅಲ್ಲ ಸಾರ್, ನಂದೇ" ಎಂದೆ. ಅವರು ಕನ್ನಡಕ ಹಾಕಿಕೊಂಡು ಚೀಟಿ ಬರೆದುಕೊಟ್ಟರು.

ಫೆಟ್ಲಿಂಗ್ ಶೆಡ್ಡಿನ ಮೊದಲ ದಿನ ನನಗೆ ಚೆನ್ನಾಗಿ ಹಸಿವಾಯಿತು. ಡಬ್ಬಿ ಬಳಿದು ತಿಂದೆ. ಮನೆಗೆ ಬಂದಾಗ ಅಮ್ಮ ಖಾಲಿ ಡಬ್ಬಿಯನ್ನು ಅಲ್ಲಾಡಿಸಿ ನೋಡಿ, "ಅಂತೂ ನಿನ್ನ ಭಯ ಬಿಡ್ತಲ್ಲ, ನಿಂಬೆಹಣ್ಣು ಸುಳ್ಳಾಗ್ಲಿಲ್ಲ" ಎಂದು ಕಾಫಿಗಿಡಲು ಒಲೆಯ ಮುಂದೆ ಕೂತಳು. ಸಕ್ಕರೆ ಡಬ್ಬಿ ಅವಳ ತಲೆಯ ಮೇಲಿನ ಹಲಗೆಯಲ್ಲಿತ್ತು. ತೆಗೆದುಕೊಡಲು ಹಿಂದಿನಿಂದ ಹೋಗಿ ಕೈ ಎತ್ತಿದೆ. ಅವಳು ಹಾಲು ಉಕ್ಕುವುದನ್ನೇ ನೋಡುತ್ತಾ ಕದಲದೆ ಕೂತಿದ್ದಳು. ಕೈ ಡಬ್ಬಿ ಹಿಡಿದು ಅವಳ ಪಕ್ಕಕ್ಕೆ ಇಳಿಯುವ ತನಕ ನಾನು ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.