ಮುಲುಂಡಿನ ಸೌರನೌಕೆ

ದೋಣಿಗಳ ವಿಷಯ ಮಾತಾಡಲು ನನಗಿರುವ ಅರ್ಹತೆ ಒಂದೇ: ನನಗೆ ಈಜು ಬರುವುದಿಲ್ಲ. ಈಜು ಬಲ್ಲವನು ನೀರು ಕಂಡರೆ ಸುಮ್ಮನೆ ಧುಮುಕುತ್ತಾನೆ. ಬಾರದವನು ದಡದಲ್ಲಿ ಕೂತು ಅದನ್ನು ದಾಟುವ ಯಂತ್ರಗಳನ್ನು ಕಲ್ಪಿಸಿಕೊಳ್ಳುತ್ತಾನೆ. ಎಂಬತ್ತರ ದಶಕದ ಕೊನೆಯಲ್ಲಿ, ಮುಲುಂಡಿನ ಬಿಲ್ಡಿಂಗೊಂದರ ಮೂರನೆಯ ಮಹಡಿಯಲ್ಲಿದ್ದ ನಾನು ಬಿಸಿಲಿನಿಂದ ಓಡುವ ದೋಣಿ ಕಟ್ಟಲು ಹೊರಟದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಇನ್ನೊಂದು ಕಾರಣ ನನ್ನ ಹೆಂಡತಿ ವಿಶಾಲಾಳ ಹೊಟ್ಟೆ. ಮದುವೆಯಾದ ಹೊಸತರಲ್ಲಿ ಎಲಿಫೆಂಟಾ ಗುಹೆ ತೋರಿಸುತ್ತೇನೆಂದು ಅವಳನ್ನು ಗೇಟ್‌ವೇಯಲ್ಲಿ ಲಾಂಚ್ ಹತ್ತಿಸಿದ್ದೆ. ಡೀಸೆಲ್ ಹೊಗೆ ಮೂಗಿಗೆ ಬಡಿದು, ಎಂಜಿನ್ನಿನ ನಡುಕ ಹೊಟ್ಟೆಗಿಳಿದು, ಪಾಪ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು. ದ್ವೀಪ ಮುಟ್ಟಿದ ಮೇಲೆ ಗುಹೆಯ ಕಡೆ ತಿರುಗಿಯೂ ನೋಡದೆ ಕಟ್ಟೆಯ ಮೇಲೆ ಮಲಗಿಬಿಟ್ಟಳು. ಆದರೂ ಕಲ್ಯಾಣದ ಕಡೆ ಹೋಗುವ ಲೋಕಲ್ ರೈಲು ಖಾಡಿಯನ್ನು ದಾಟುವಾಗಲೆಲ್ಲ, ಒಳನುಗ್ಗಿದ ಆ ಸಮುದ್ರದ ನೀರನ್ನೇ ನೋಡುತ್ತಾ, "ನೀರಿನ ಮೇಲೆ ಹೋಗೋದು ಎಷ್ಟು ಚೆನ್ನಾಗಿರತ್ತೆ ಅಲ್ವಾ, ಆ ಹಾಳು ಹೊಗೆ ಇಲ್ದಿದ್ರೆ" ಎನ್ನುವಳು. ಒಮ್ಮೆ ನಾನು, "ಹೊಗೆಯಿಲ್ಲದ ದೋಣೀಲಿ ನಿನ್ನ ಕರಕೊಂಡು ಹೋಗ್ತೀನಿ" ಎಂದು ಮಾತು ಕೊಟ್ಟುಬಿಟ್ಟೆ. ಗಂಡಂದಿರು ರೈಲಿನಲ್ಲಿ ಕೊಟ್ಟ ಮಾತು ಸ್ಟೇಷನ್ ಬಂದಾಗ ಇಳಿದುಹೋಗುವುದು ವಾಡಿಕೆ. ಇದು ಇಳಿಯಲಿಲ್ಲ. ಅವಳು ಅದನ್ನು ನಂಬಿದ್ದಳು.

ಉರಿಯುವ ಬೆಂಕಿಗೆ ತುಪ್ಪ ಸುರಿದದ್ದು ರದ್ದಿ ಅಂಗಡಿಯಲ್ಲಿ ಸಿಕ್ಕ ಒಂದು ವಿದೇಶಿ ಪತ್ರಿಕೆ. ಅದರಲ್ಲಿ ಚಿನ್ನದ ಬಣ್ಣದ ಗಡ್ಡದ ದೊರೆಯೊಬ್ಬ ತನ್ನ ದೋಣಿಗೆ ಸೌರಫಲಕ ಹೊದಿಸಿ, ವಿದ್ಯುತ್ ಮೋಟಾರು ಹಚ್ಚಿ, ಹನಿ ಎಣ್ಣೆಯಿಲ್ಲದೆ ದ್ವೀಪದಿಂದ ದ್ವೀಪಕ್ಕೆ ತಿರುಗುತ್ತಿದ್ದ. ಅವನು ಬಹುಪಾಲು ದೂರವನ್ನು ಹಾಯಿಯ ಬಲದಿಂದಲೇ ಕ್ರಮಿಸಿದ್ದನ್ನು ಸಣ್ಣ ಅಕ್ಷರಗಳಲ್ಲಿ ಅಚ್ಚು ಮಾಡಿದ್ದರು. ನಾನು ದೊಡ್ಡ ಅಕ್ಷರಗಳನ್ನು ಮಾತ್ರ ಓದುವವನು.

ಲೆಕ್ಕವನ್ನೇನೋ ಹಾಕಿದೆ. ಆಫೀಸಿನಲ್ಲಿ ಪರೀಕ್ಷೆ ಮುಗಿಸಿ ಮೂಲೆಗೆ ಹಾಕಿದ್ದ ಒಂದು ಫಲಕವನ್ನು ಕೇಳಿ ತಂದಿದ್ದೆ. ಕುರ್ಲಾದ ಗುಜರಿಯಿಂದ ಕಾರಿನ ಬ್ಯಾಟರಿ, ಒಂದು ಮೋಟಾರು ಬಂದವು. ನೆತ್ತಿಯ ಬಿಸಿಲು ಪೂರ್ತಿ ಬಿದ್ದರೂ ಫಲಕ ಕೊಡುವ ಶಕ್ತಿ ಬಚ್ಚಲುಮನೆಯ ಬಲ್ಬಿಗೆ ಸರಿಹೋಗುವಷ್ಟು. ದೋಣಿ ಒಂದು ಗಂಟೆ ಓಡಬೇಕಾದರೆ ಸೂರ್ಯ ಎರಡು ದಿನ ದುಡಿಯಬೇಕು. ಬುದ್ಧಿವಂತರು ಅಲ್ಲಿಗೇ ಬಿಡುತ್ತಾರೆ. ನಾನು ಎಂಜಿನಿಯರು, ಲೆಕ್ಕ ಕೂಡದಿದ್ದರೆ ತಪ್ಪು ಸೂರ್ಯನದೇ ಎಂದು ತಿಳಿಯುವವನು.

ಮುಂಬಯಿಯಲ್ಲಿ ಜಾಗಕ್ಕಷ್ಟೇ ಅಲ್ಲ, ಬಿಸಿಲಿಗೂ ಹಕ್ಕುದಾರರಿದ್ದಾರೆ ಎಂಬುದು ಫಲಕವನ್ನು ಟೆರೇಸಿಗೆ ಹೊತ್ತ ದಿನ ಗೊತ್ತಾಯಿತು. ಮೇ ತಿಂಗಳು, ಇಡೀ ಟೆರೇಸು ಪಾಪಡ್, ಹಪ್ಪಳ, ಸಂಡಿಗೆಗಳಿಗೆ ಮೀಸಲು. ನನ್ನ ಫಲಕದ ನೆರಳು ಬಿದ್ದ ಕಡೆಯ ಸಂಡಿಗೆ ಒಣಗಲಿಲ್ಲವೆಂದು ಹೆಂಗಸರು ವಿಶಾಲಾಳನ್ನು ತರಾಟೆಗೆ ತೆಗೆದುಕೊಂಡರು. ಕೊನೆಗೆ ಫಲಕಕ್ಕೆ ಸಿಕ್ಕಿದ್ದು ನೀರಿನ ಟ್ಯಾಂಕಿನ ಹಿಂದಿನ ಜಾಗ. ಹೀಗೆ ಬಿಸಿಲಿನ ಯಂತ್ರ ನೆರಳಿನಲ್ಲಿ ಕೂತಿತು. ಟ್ಯಾಂಕು ಪಕ್ಕದಲ್ಲೇ ಇತ್ತಲ್ಲ, ಮೋಟಾರನ್ನು ಒಮ್ಮೆ ಅದರೊಳಗೆ ಇಳಿಸಿ ತಿರುಗಿಸಿ ನೋಡಿದೆ. ತಳದಲ್ಲಿ ವರ್ಷಗಟ್ಟಲೆ ಮಲಗಿದ್ದ ಕೆಸರು ಎದ್ದು, ಬಿಲ್ಡಿಂಗಿನ ಎಲ್ಲ ನಲ್ಲಿಗಳಲ್ಲಿ ಕಾಫಿ ಬಣ್ಣದ ನೀರು ಬಂತು. ಆ ವಾರವೆಲ್ಲ ವಿಶಾಲಾ ಮೆಟ್ಟಿಲಿಳಿಯುವಾಗ ತಲೆ ತಗ್ಗಿಸಿಕೊಂಡೇ ಹೋದಳು. ಆದರೆ ದೋಣಿ ಬೇಡ ಎಂದು ಒಮ್ಮೆಯೂ ಹೇಳಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು.

ದೋಣಿಯನ್ನು ಹೊಂದಿಸಿದವರು ಕೆಳಗಿನ ಮನೆಯ ಶೇಖರಣ್ಣ. ವಡಾಲದಲ್ಲಿ ಅವರ ಹೋಟೆಲು. ಹುಟ್ಟಿ ಬೆಳೆದದ್ದು ಉಡುಪಿಯ ಕಡೆಯ ಹೊಳೆಯ ದಂಡೆಯಲ್ಲಿ. "ಬಿಸಿಲಿಗೆ ದೋಣಿ ಓಡುದಾ? ಈ ಬಿಸಿಲಿಗೆ ನಮ್ಮ ತಲೆಯೇ ಓಡುದಿಲ್ಲ ಮಾರಾಯ್ರೆ" ಎಂದು ನಕ್ಕರೂ, ಪರಿಚಯದ ಮೀನುಗಾರರಿಂದ ಒಂದು ಸಣ್ಣ ದೋಣಿ ಕೇಳಿ ತಂದರು. "ಇರಲಿ" ಎಂದು ಒಂದು ಹುಟ್ಟನ್ನೂ ಒಳಗೆ ಹಾಕಿದರು. ನನಗೆ ಅವಮಾನವಾಯಿತು.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಬೆಳಗ್ಗೆ ಮುಲುಂಡ್ ಪೂರ್ವದ ಖಾಡಿಯಿಂದ ಹೊರಟೆವು. ಶೇಖರಣ್ಣ ಮುಂದೆ, ವಿಶಾಲಾ ನಡುವೆ, ಹಿಂದೆ ಮೋಟಾರಿನ ಹಿಡಿ ಹಿಡಿದು ನಾನು. ಟ್ಯಾಂಕಿನ ಹಿಂದೆ ಸಿಕ್ಕಷ್ಟು ಬಿಸಿಲು ಕುಡಿದ ಬ್ಯಾಟರಿ ನನ್ನ ಕಾಲಬುಡದಲ್ಲಿ. ಮೋಟಾರು ಬಹಳ ಮೆಲ್ಲಗೆ ಗುನುಗುತ್ತಾ ಓಡಿತು. ಉಪ್ಪಿನ ಗದ್ದೆಗಳು ಹಿಂದೆ ಸರಿದವು, ಬೆಳ್ಳಕ್ಕಿಗಳು ಎದ್ದವು. ನನ್ನ ಬಾಯಿಗೆ ತಡೆಯೇ ಇರಲಿಲ್ಲ. ಇನ್ನು ಕೆಲವೇ ವರ್ಷಗಳಲ್ಲಿ ಗೇಟ್‌ವೇಯ ಲಾಂಚುಗಳೆಲ್ಲ ಹೀಗೇ ಓಡುತ್ತವೆಂದು ಭವಿಷ್ಯ ನುಡಿದೆ. "ಕೇಳಿ, ಒಂದಿಷ್ಟಾದರೂ ಸದ್ದಿದೆಯೇ?" ಎಂದು ಮತ್ತೆ ಮತ್ತೆ ಕೇಳಿದೆ. ಇಲ್ಲ ಎಂದು ಇಬ್ಬರೂ ತಲೆಯಾಡಿಸಿದರು. ಶೇಖರಣ್ಣ ಹುಟ್ಟಿನಿಂದ ನಾಲ್ಕು ಸಲ ಮೀಟಿ ದೋಣಿ ತಿರುಗಿಸಿಕೊಟ್ಟ ಮೇಲೆ, ಬರುವಾಗಂತೂ ಇನ್ನೂ ಜೋರಾಗಿ ಬಂದೆವು. ಬ್ಯಾಟರಿ ಈಗ ಹದಕ್ಕೆ ಬಂದಿದೆ ಎಂದು ವಿವರಿಸಿದೆ. "ಹೌದು ಹೌದು, ಅದಕ್ಕೂ ಮನೆ ನೆನಪಾಗಿರಬೇಕು" ಎಂದರು ಶೇಖರಣ್ಣ. ವಿಶಾಲಾ ನೀರಿಗೆ ಕೈ ಬಿಟ್ಟುಕೊಂಡು, ಬೆಳಗಿನ ಗಾಳಿಗೆ ಮುಖವೊಡ್ಡಿ, ಹೊಟ್ಟೆಯ ನೆನಪೇ ಇಲ್ಲದವಳಂತೆ ಕೂತಿದ್ದಳು. ಅವಳನ್ನು ಹಾಗೆ ನೋಡಿ ನನ್ನ ಕಣ್ಣು ತುಂಬಿ ಬಂತು.

ದಡ ಮುಟ್ಟಿದಾಗ ಗಂಭೀರವಾಗಿ ಸ್ವಿಚ್ಚಿಗೆ ಕೈ ಹಾಕಿದೆ.

"ಅದನ್ಯಾಕೆ ಆರಿಸ್ತೀರಿ? ಆಗಲೇ ನಿಂತುಹೋಗಿದೆಯಲ್ಲ" ಎಂದಳು ವಿಶಾಲಾ.

"ಯಾವಾಗ?"

"ಹೋಗೋವಾಗ್ಲೇ. ಉಪ್ಪಿನ ಗದ್ದೆ ದಾಟಿದ ಮೇಲೆ. ಹೊಟ್ಟೇಲಿ ಸಣ್ಣಗೆ ನಡುಗ್ತಿತ್ತು, ಒಂದೇ ಸಲ ನಿಂತಿತು. ಆಮೇಲೇ ನೋಡಿ ಹಾಯೆನಿಸಿದ್ದು."

ಶೇಖರಣ್ಣ ದೋಣಿ ಕಟ್ಟುತ್ತಾ, "ಹೋಗುವಾಗ ಇಳಿತ, ಬರುವಾಗ ಭರತ, ಸಮುದ್ರ ಉಕ್ಕುವ ಹೊತ್ತು. ನೀರೇ ತಂದು ಬಿಟ್ಟಿತು ಮಾರಾಯ್ರೆ. ನೀವು ಅಷ್ಟು ಚಂದ ಹಿಡಿ ಹಿಡ್ಕೊಂಡು ಕೂತಿದ್ರಿ, ಹೇಳುದು ಹೇಗೆ?" ಎಂದರು. ಮೈಸೂರಿನ ಕೆರೆ ನೋಡಿ ಬೆಳೆದ ನನಗೆ, ನೀರು ತಾನಾಗಿಯೇ ಹೋಗಿ ತಾನಾಗಿಯೇ ತಿರುಗಿ ಬರುತ್ತದೆಂಬುದು ಹೊಳೆದೇ ಇರಲಿಲ್ಲ.

"ನೀನಾದರೂ ಹೇಳಬಾರದಿತ್ತೇನೇ?" ಎಂದೆ ವಿಶಾಲಾಳಿಗೆ.

"ಹೇಳಿದ್ರೆ ನೀವು ಅದನ್ನ ರಿಪೇರಿ ಮಾಡ್ತಿದ್ರಿ."

ಆ ಚಳಿಗಾಲದಲ್ಲಿ ಶೇಖರಣ್ಣನಿಂದ ಹುಟ್ಟು ಹಾಕುವುದನ್ನು ಕಲಿತೆ. ಅಂಗೈ ತುಂಬ ಬೊಬ್ಬೆಗಳೆದ್ದವು, ಸೊಂಟ ಹಿಡಿಯಿತು. ಎದುರಿಗೆ ಕಾಲು ಚಾಚಿ ಕೂತ ವಿಶಾಲಾ, "ಇನ್ನೂ ಸ್ವಲ್ಪ ಮುಂದಕ್ಕೆ ಹೋಗೋಣಾಂದ್ರೆ" ಎನ್ನುತ್ತಿದ್ದಳು. ನಾನು ಬೆಳಗ್ಗೆ ತಿಂದ ಉಪ್ಪಿಟ್ಟಿನ ಬಲದ ಮೇಲೆ ಮುಂದಕ್ಕೆ ಹೋಗುತ್ತಿದ್ದೆ. ಉಪ್ಪಿಟ್ಟು ರವೆಯದು, ರವೆ ಗೋಧಿಯದು, ಗೋಧಿ ಬಿಸಿಲಿನದು. ಹಾಗಾಗಿ ನಾನು ಮಾತಿಗೆ ತಪ್ಪಿದೆ ಎಂದು ಯಾರೂ ಹೇಳುವಂತಿಲ್ಲ.