ಕತ್ತರಿಯಕ್ಕ ಕೊಂಡ ಪ್ರಶ್ನೆ

ಬೀದಿಯವರೆಲ್ಲ ಕತ್ತರಿಯಕ್ಕ ಎಂದು ಕರೆಯುತ್ತಿದ್ದ ಆ ದರ್ಜಿಗೆ ಎರಡನೇ ಮಗು ಹುಟ್ಟಿದ ಮೇಲೆ ಕೂದಲು ಗೊಂಚಲು ಗೊಂಚಲಾಗಿ ಉದುರಿತು, ಹುಬ್ಬೂ ಉಳಿಯಲಿಲ್ಲ. ಜೀವಕ್ಕೇನೂ ಅಪಾಯವಿಲ್ಲ, ಕೂದಲು ಮತ್ತೆ ಬರುವ ಭರವಸೆಯೂ ಇಲ್ಲ ಎಂದರು ವೈದ್ಯರು. ಅತ್ತೆ ವಿಗ್ ತಂದುಕೊಟ್ಟರು. ಹೊಲಿಗೆ ಯಂತ್ರದ ಮುಂದೆ ಬಗ್ಗಿದಾಗಲೆಲ್ಲ ಅದು ಹಣೆಗೆ ಜಾರುತ್ತಿತ್ತು. ಕೊನೆಗೊಂದು ದಿನ ಗಿರಾಕಿಯ ಎದುರೇ ಕಿತ್ತು ಚಿಂದಿಬುಟ್ಟಿಗೆ ಎಸೆದಳು.

"ಅಳತೆ ತಗೋಬೇಕಿರೋದು ನಿಮ್ಮದು, ನನ್ನ ತಲೇದಲ್ಲ. ಕೈ ಎತ್ತಿ."

ಆಮೇಲೆ ತನಗೆಂದೇ ಒಳಗೆ ಹೊಲಿಗೆ ಚುಚ್ಚದ ಹತ್ತಿಯ ಟೋಪಿ ಹೊಲಿದುಕೊಂಡಳು. ಅಂಗಡಿಗಳಿಗೆ ಆನ್‌ಲೈನ್ ಜಾಹೀರಾತು ಮಾಡಿಕೊಡುತ್ತಿದ್ದ ತಮ್ಮ ಅದನ್ನು ಕಂಡು, ಮಾರೋಣ ಎಂದ. ಜನ ಹುಡುಕುವ ಪದಗಳನ್ನು ಆರಿಸಿಕೊಂಡರೆ, ಅವನ್ನು ಟೈಪ್ ಮಾಡಿದವರಿಗೆ ನಮ್ಮ ಜಾಹೀರಾತು ಕಾಣುತ್ತದೆ. ಅವರು ಒಂದು ಸಲ ಒತ್ತಿದರೆ ನಮ್ಮ ಜೇಬಿಗೆ ಒಂದು ಕತ್ತರಿ ಎಂದು ವಿವರಿಸಿದ.

"'ಬೋಳುತಲೆ ಮುಚ್ಕೊಳ್ಳೋದು ಹೇಗೆ' ಅಂತಾನೇ ಜಾಸ್ತಿ ಹುಡುಕ್ತಾರೆ ಅಕ್ಕ. ಅದನ್ನ ಬಿಟ್ರೆ ನೊಣ ಹೊಡೀತಾ ಕೂರ್ಬೇಕಾಗುತ್ತೆ."

"ಬೇಡ. ನನ್ನ ಟೋಪಿ ಇರೋದು ಚಳಿಗೆ, ಬಿಸಿಲಿಗೆ."

"ಬರೀ ಒಂದು ಪದ ತಾನೇ?"

"ಆ 'ಮುಚ್ಕೊಳ್ಳೋದು' ಅನ್ನೋ ಪದದಿಂದಾನೇ ಎರಡು ವರ್ಷ ಕನ್ನಡಿ ನೋಡ್ಲಿಲ್ಲ ಕಣೋ ನಾನು."

'ಮುಚ್ಚು', 'ವಿಗ್' ಎಂದು ಹುಡುಕಿದವರಿಗೆ ಜಾಹೀರಾತು ಕಾಣಲೇಬಾರದೆಂದು ಹಟ ಹಿಡಿದು ಹಾಗೇ ಮಾಡಿಸಿದಳು. 'ಹೆಲ್ಮೆಟ್ ಒಳಗೆ ಹಾಕೋ ಹತ್ತಿ ಟೋಪಿ' ಎಂಬಂಥ ಸಣ್ಣ ಸಣ್ಣ ಮಾತುಗಳನ್ನು ಆರಿಸಿದಳು. ಬಂದವರು ಕಡಿಮೆ, ಬಂದವರಲ್ಲಿ ಕೊಂಡವರು ಪರವಾಗಿಲ್ಲ. ತಮ್ಮ ಹೇಳಿದ್ದು ಪೂರ್ತಿ ಸುಳ್ಳೇನೂ ಆಗಲಿಲ್ಲ.

ಯಾರು ಏನು ಹುಡುಕಿ ಒಳಗೆ ಬಂದರೆಂದು ಒಮ್ಮೆ ನೋಡುತ್ತಿದ್ದಾಗ ಒಂದು ಸಾಲು ಕಂಡಿತು: 'ಕೂದಲಿಲ್ದೆ ಕೆಲಸಕ್ಕೆ ಹೋದ್ರೆ ನಗ್ತಾರಾ'. ಬಂದವರು ಏನೂ ಕೊಳ್ಳದೆ ಹೋಗಿದ್ದರು.

"ಇಂಥವರಿಗೆ ದುಡ್ಡು ದಂಡ. ಈ ಮಾತಿಗೂ ಕಾಣದ ಹಾಗೆ ಮಾಡಿಬಿಡ್ತೀನಿ" ಎಂದ ತಮ್ಮ.

ಕತ್ತರಿಯಕ್ಕ ಅವನ ಕೈ ಹಿಡಿದಳು. "ಇದೇ ಮಾತಿಗೆ ಜಾಹೀರಾತು ಹಾಕು."

"ಏನ್ ಮಾರ್ತೀಯ ಅವರಿಗೆ?"

"ಏನೂ ಇಲ್ಲ. ಕೇಳಿದಾರಲ್ಲ, ಉತ್ತರ ಕೊಡ್ತೀನಿ."

ಅದನ್ನು ಒತ್ತಿದವರಿಗೆ ತೆರೆಯುವ ಪುಟದಲ್ಲಿ ಅವಳ ಫೋಟೋ ಕಾಣುತ್ತಿತ್ತು. ಬರಿದಲೆ, ಕೊರಳಲ್ಲಿ ಅಳತೆಪಟ್ಟಿ, ಮುಂದೆ ಯಂತ್ರ. ಕೆಳಗೆ ಅವಳದೇ ಮಾತು: 'ನಗ್ತಾರೆ. ಮೊದಮೊದಲು ನಗ್ತಾರೆ. ಆಮೇಲೆ ಅವರಿಗೂ ಕೆಲಸ ಇರುತ್ತೆ. ಹೋಗಿ.'

ನೆಂಟರೊಬ್ಬರು ನೋಡಿ ಅತ್ತೆಯ ಕಿವಿಗೆ ಹಾಕಿದರು. "ಊರಿಗೆಲ್ಲ ತೋರಿಸ್ಕೊಂಡು ಕೂತಿದ್ದೀಯಲ್ಲ, ತೆಗಿ ಮೊದ್ಲು!" ಎಂದು ಅತ್ತೆ ಕೂಗಾಡಿದರು.

"ತಲೆ ನಂದು ಅತ್ತೆ. ತೆಗೆಯಲ್ಲ."

ಅತ್ತೆ ಮೂರು ದಿನ ಮಾತು ಬಿಟ್ಟರು. ಫೋಟೋ ಅಲ್ಲೇ ಇತ್ತು.

ಟೋಪಿಗಳು ಬಿಸಿ ದೋಸೆಯಂತೇನೂ ಖರ್ಚಾಗಲಿಲ್ಲ. ಮನೆ ನಡೆದದ್ದು ರವಿಕೆ, ಪ್ಯಾಂಟುಗಳ ಹೊಲಿಗೆಯಿಂದಲೇ. ಆದರೆ ಆ ಪುಟಕ್ಕೆ ಫೋಟೋಗಳು ಬರತೊಡಗಿದವು. ಆಸ್ಪತ್ರೆಯ ಸಮವಸ್ತ್ರದಲ್ಲಿ ಬೋಳುತಲೆಯ ನರ್ಸ್ ಒಬ್ಬಳು, ಸ್ಟೀರಿಂಗ್ ಹಿಡಿದ ಚಾಲಕಿಯೊಬ್ಬಳು. ಕತ್ತರಿಯಕ್ಕ ಅವರನ್ನೆಲ್ಲ ತನ್ನ ಫೋಟೋದ ಪಕ್ಕದಲ್ಲಿ ಕೂರಿಸಿದಳು.

"ಇಷ್ಟು ಜನ ಬರ್ತಾರೆ, 'ಕೊಳ್ಳಿ' ಅನ್ನೋ ಬಟನ್ ಆದ್ರೂ ಹಾಕೋಣ್ವಾ?" ಎಂದು ತಮ್ಮ ಗೋಗರೆದ.

"ಹಾಕು. ಎಲ್ಲರ ಮುಖ ಮುಗಿದ ಮೇಲೆ, ಕೆಳಗೆ, ಸಣ್ಣದಾಗಿ."